ಒಂದು ಗಂಟೆಯ ತಪ್ಪು

ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವನಿಗೆ ಗಂಟೆ ನೋಡಲು ಬರುವುದಿಲ್ಲವೆಂದರೆ ನೀವು ನಗುತ್ತೀರಿ. 2023ರ ಮಾರ್ಚ್ 13ರ ಸಂಜೆ ನನ್ನ ಪಾಲಿಗೆ ಅದು ನಿಜವಾಯಿತು.

ನಾನು ಸಿರುಗುಪ್ಪದಲ್ಲಿದ್ದಾಗ ಹತ್ತನೆಯ ತರಗತಿ ಓದಿದ್ದ ಹುಡುಗಿಯೊಬ್ಬಳಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದು ಆನ್‌ಲೈನ್ ಸಂದರ್ಶನ ಇಟ್ಟಿತ್ತು. ತಂದೆ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಅವರ ಮನೆಯ ಇಂಟರ್‌ನೆಟ್ ನಂಬುವಂತಿರಲಿಲ್ಲವಾಗಿ ತಂದೆ ಮಗಳು ಬಳ್ಳಾರಿಗೆ, ನಮ್ಮ ಮನೆಗೇ ಬಂದಿದ್ದರು. ಬೆಳಿಗ್ಗೆ ಒಂಬತ್ತಕ್ಕೆ, ನ್ಯೂಯಾರ್ಕ್ ಸಮಯ ಎಂದು ಮೇಲ್‌ನಲ್ಲಿತ್ತು.

"ಅಂದ್ರೆ ನಮಗೆ ಎಷ್ಟು ಗಂಟೆ ಸಾರ್?" ಎಂದು ಹುಡುಗಿ ಹಿಂದಿನ ವಾರವೇ ಫೋನಿನಲ್ಲಿ ಕೇಳಿದ್ದಳು.

ನನ್ನ ಅಕ್ಕನ ಮಗ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿದ್ದಾನೆ. ನಮಗೂ ಅವನಿಗೂ ಹನ್ನೆರಡೂವರೆ ಗಂಟೆ ಅಂತರ. ಆರು ವರ್ಷದಲ್ಲಿ ಅದು ಒಂದು ದಿನವೂ ಬದಲಾದದ್ದಿಲ್ಲ. ನ್ಯೂಯಾರ್ಕ್ ತನಗಿಂತ ಎರಡು ಗಂಟೆ ಮುಂದೆ ಎಂದು ಸಂಕ್ರಾಂತಿಯ ದಿನ ಅವನೇ ಹೇಳಿದ್ದ. ಹಾಗಾದರೆ ನಮಗೂ ನ್ಯೂಯಾರ್ಕಿಗೂ ಹತ್ತೂವರೆ. "ಸಂಜೆ ಏಳೂವರೆ" ಎಂದೆ, ಮೇಷ್ಟ್ರ ಗತ್ತಿನಲ್ಲಿ.

ಏಳು ಇಪ್ಪತ್ತಕ್ಕೆ ಹುಡುಗಿ ಕೂತಳು. ತೆರೆಯ ಮೇಲೆ ಯಾರೂ ಇಲ್ಲ. ಮೇಲ್ ನೋಡಿದರೆ ಇಪ್ಪತ್ತು ನಿಮಿಷ ಕಾದು ಎದ್ದೆವೆಂದು ಎರಡು ಸಾಲು ಬರೆದಿದ್ದರು. ಸಂದರ್ಶನ ಇದ್ದದ್ದು ನಮ್ಮ ಆರೂವರೆಗೆ. "ಇರ್ಲಿ ಬಿಡ್ರಿ ಸಾರ್" ಎಂದರು ತಂದೆ. ಅವರು ನಾಲ್ಕು ಮಾತು ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಆದದ್ದಿಷ್ಟೆ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ನಸುಕಿನ ಎರಡು ಗಂಟೆಯಾದ ಕೂಡಲೇ ಗಡಿಯಾರವನ್ನು ಮೂರಕ್ಕೆ ತಿರುಗಿಸುತ್ತಾರೆ. ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಇದಕ್ಕೆ ಡೇಲೈಟ್ ಸೇವಿಂಗ್ ಟೈಮ್ ಎಂದು ಹೆಸರು. ಹಗಲನ್ನು ಬ್ಯಾಂಕಿನಲ್ಲಿ ಇಟ್ಟಂತೆ ಕೇಳಿಸುತ್ತದೆ, ಆದರೆ ಉಳಿಯುವುದೇನೂ ಇಲ್ಲ. ಬೆಳಗಿನ ಒಂದು ಗಂಟೆಯ ಬೆಳಕು ಸಂಜೆಯ ಲೆಕ್ಕಕ್ಕೆ ಹೋಗುತ್ತದೆ, ಅಷ್ಟೆ. ಆ ವರ್ಷದ ಭಾನುವಾರ ಮಾರ್ಚ್ 12, ನಮ್ಮ ಸಂದರ್ಶನದ ಹಿಂದಿನ ದಿನ! ಆದರೆ ಅರಿಜೋನಾ ಈ ಪದ್ಧತಿಯನ್ನು ಒಪ್ಪಿಲ್ಲ. 1967ರ ಬೇಸಿಗೆಯಲ್ಲಿ ಮಾಡಿ ನೋಡಿ, 1968ರಲ್ಲಿ ಕೈಬಿಟ್ಟಿತು. ಅದರೊಳಗಿನ ನವಾಹೊ ಜನರ ಸೀಮೆಯಲ್ಲಿ ಮಾತ್ರ ಗಡಿಯಾರ ತಿರುಗುತ್ತದೆ; ನವಾಹೊ ಸೀಮೆ ಸುತ್ತುವರಿದ ಹೋಪಿ ಜನರಲ್ಲಿ ಮತ್ತೆ ತಿರುಗುವುದಿಲ್ಲ. ಹೀಗಾಗಿ ಫೀನಿಕ್ಸಿಗೂ ನ್ಯೂಯಾರ್ಕಿಗೂ ಎರಡು ಗಂಟೆಯಿದ್ದ ಅಂತರ ಒಂದೇ ರಾತ್ರಿಯಲ್ಲಿ ಮೂರಾಗಿತ್ತು.

ಅರಿಜೋನಾದವರು ಯಾಕೆ ಬೇಡವೆಂದರು? ಫೀನಿಕ್ಸ್ ಬೆಂಕಿಯಂಥ ಊರು. ಅಲ್ಲಿ ಜನ ಸಂಜೆ ಹೊರಗೆ ಬರಬೇಕಾದರೆ ಸೂರ್ಯ ಮುಳುಗಬೇಕು. ಅವನನ್ನು ಇನ್ನೊಂದು ಗಂಟೆ ಇಟ್ಟುಕೊಂಡು ಮಾಡುವುದೇನು? ಈ ಮಾತನ್ನು ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲೂ ಗಡಿಯಾರ ತಿರುಗಿಸಿದ ಕಾಲ ಇತ್ತು. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಬ್ರಿಟಿಷ್ ಸರ್ಕಾರ ಭಾರತದ ಸಮಯವನ್ನು ಒಂದು ಗಂಟೆ ಮುಂದಿಟ್ಟಿತ್ತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತದಲ್ಲಿತ್ತು. ನಮ್ಮ ಅಜ್ಜ ಆ ಮೂರು ವರ್ಷ ಕಚೇರಿ ಗಂಟೆ, ಹೊಲದ ಗಂಟೆ ಎಂದು ಎರಡು ಲೆಕ್ಕ ಇಟ್ಟಿದ್ದರಂತೆ. ಎತ್ತುಗಳು ಮಾತ್ರ ಹೊಲದ ಗಂಟೆಗೇ ನಿಷ್ಠರಾಗಿದ್ದವು.

ಯುದ್ಧ ಮುಗಿದ ಮೇಲೂ ನಮ್ಮ ಗಡಿಯಾರ ಪೂರ್ತಿ ನಮ್ಮದಲ್ಲ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಬಳ್ಳಾರಿ ಇರುವುದು ಸುಮಾರು 76.9ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಾವು 22 ನಿಮಿಷ ಹಿಂದೆ. ಕುರುಗೋಡಿನ ಶಾಲೆಯ ಅಂಗಳದಲ್ಲಿ ಮಕ್ಕಳಿಂದ ಒಂದು ಕೋಲು ನೆಡಿಸಿದ್ದೆ. ನೆರಳು ತೀರ ಗಿಡ್ಡವಾಗುವುದು ಹನ್ನೆರಡಕ್ಕಲ್ಲ. ನವೆಂಬರ್ ಮೊದಲಲ್ಲಿ 12.06ರ ಸುಮಾರಿಗೆ, ಫೆಬ್ರವರಿ ನಡುವೆ 12.36ರ ಹೊತ್ತಿಗೆ. ಭೂಮಿಯ ಓರೆ ಮತ್ತು ಅದರ ಅಂಡಾಕಾರದ ಹಾದಿಯಿಂದ ಈ ಹೆಚ್ಚುಕಡಿಮೆ. ಖರ್ಚಿಲ್ಲದ ಪ್ರಯೋಗ, ನೀವೂ ಮಾಡಿ ನೋಡಿ. ದಿನಾಂಕ ಬರೆದಿಡುವುದನ್ನು ಮರೆಯಬೇಡಿ.

ಹಗಲು ಬೇಸಿಗೆಗೂ ಚಳಿಗಾಲಕ್ಕೂ ಬಹಳ ವ್ಯತ್ಯಾಸವಾಗುವ ಕಡೆ ಗಡಿಯಾರ ತಿರುಗಿಸಿದರೆ ಅರ್ಥವಿದೆ. ಲಂಡನ್ನಿನಲ್ಲಿ ದೊಡ್ಡ ಹಗಲು ಹದಿನಾರೂವರೆ ಗಂಟೆ ದಾಟುತ್ತದೆ, ಚಿಕ್ಕದು ಎಂಟು ಗಂಟೆಯೂ ಇಲ್ಲ. ನಮ್ಮಲ್ಲಿ ದೊಡ್ಡದು ಹದಿಮೂರು, ಚಿಕ್ಕದು ಹನ್ನೊಂದೂಕಾಲು. ಸರಿಸುವುದಕ್ಕೆ ಹೆಚ್ಚಿನ ಹಗಲೇ ಇಲ್ಲ. ಅದಕ್ಕೇ ಸರ್ಕಾರ ನಮ್ಮಲ್ಲಿ ಗಡಿಯಾರ ಬಿಟ್ಟು ಕೆಲಸವನ್ನೇ ಸರಿಸುತ್ತದೆ. 2025ರ ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆದವು. ಬೆಂಗಳೂರಿನಲ್ಲಿ ಎಂದಿನ ವೇಳೆಯೇ. ನನಗೆ ಇದೇ ಹೆಚ್ಚು ಜಾಣತನವೆನಿಸುತ್ತದೆ, ಒಂದು ರಾಜ್ಯದಲ್ಲಿ ಎರಡು ವೇಳೆ ಎಂದು ಯಾರಾದರೂ ಗೊಣಗಿದರೂ.

ಹುಡುಗಿಯ ಕತೆ ಹೇಳಬೇಕಲ್ಲ. ತಪ್ಪು ನನ್ನದೆಂದು ಆ ರಾತ್ರಿಯೇ ವಿಶ್ವವಿದ್ಯಾಲಯಕ್ಕೆ ಬರೆದೆ. ಗುರುವಾರ ಇನ್ನೊಂದು ಅವಕಾಶ ಕೊಟ್ಟರು. ಅಂದು ಲೆಕ್ಕವನ್ನು ಅವಳೇ ಮಾಡಿದಳು. ನಾನು ಬಾಯಿ ಬಿಡಲಿಲ್ಲ. ಸೀಟು ಸಿಕ್ಕಿತು, ಶಿಷ್ಯವೇತನ ಸಿಗಲಿಲ್ಲ. ಅಷ್ಟು ದುಡ್ಡು ಹೊಂದಿಸುವುದು ತಂದೆಯಿಂದಾಗುವ ಮಾತಲ್ಲ. ಆ ಒಂದು ಗಂಟೆಗೂ ಇದಕ್ಕೂ ಸಂಬಂಧವಿತ್ತೋ ಏನೋ, ಕೇಳುವ ಧೈರ್ಯ ನನಗೆ ಬಂದಿಲ್ಲ. ಬೆಂಗಳೂರಿನಲ್ಲಿ ಎಂ.ಎಸ್ಸಿ. ಸೇರಿದಳು.

2025ರ ಏಪ್ರಿಲ್‌ನಲ್ಲಿ 371-ಜೆ ಪ್ರಮಾಣಪತ್ರಕ್ಕೆಂದು ಬಳ್ಳಾರಿಗೆ ಬಂದವಳು ಮಧ್ಯಾಹ್ನ ಎರಡಕ್ಕೆ ಕಚೇರಿಯ ಮುಂದಿನಿಂದ ಫೋನ್ ಮಾಡಿದಳು. ಬಾಗಿಲಿಗೆ ಬೀಗ.

"ಸಾರ್, ಈ ಸಲ ನಾನೇ ಬೆಂಗಳೂರು ಟೈಮ್ ನೋಡ್ಕಂಡು ಬಂದ್ಬಿಟ್ಟೆ" ಎಂದಳು.

ಮನೆಗೆ ಕರೆದು ಊಟ ಹಾಕಿದೆವು. ರಾತ್ರಿ ಉಳಿದು, ಮರುದಿನ ಎಂಟಕ್ಕೇ ಹೋಗಿ ಪ್ರಮಾಣಪತ್ರ ತೆಗೆದುಕೊಂಡು, ಬಿಸಿಲು ಏರುವ ಮುಂಚೆ ಸಿರುಗುಪ್ಪದ ಬಸ್ಸು ಹತ್ತಿದಳು.