ಹುಳ ಬೀಳುವ ಪುಡಿ

ದೇವಸಮುದ್ರದ ನಮ್ಮ ಮನೆಯ ಬಚ್ಚಲಿನ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಎರಡು ಡಬ್ಬಿ: ಒಂದರಲ್ಲಿ ಸೀಗೆಪುಡಿ, ಇನ್ನೊಂದರಲ್ಲಿ ಹೆಸರುಹಿಟ್ಟು. ನಮ್ಮ ಕಡೆ ಬೀಳುವ ಮಳೆ ಎಷ್ಟರದು! ಆದರೂ ನಾಲ್ಕು ಹನಿ ಬಿದ್ದು ಗಾಳಿ ತಣ್ಣಗಾದರೆ ಸಾಕು, ಹಿಟ್ಟಿನ ಡಬ್ಬಿಯೊಳಗೆ ಮಿಸುಕಾಟ ಶುರುವಾಗುತ್ತಿತ್ತು. "ಹುಳ ಬಿದ್ದೈತೆ, ಜರಡಿ ಹಿಡಿದು ಬಿಸಿಲಿಗಿಡು" ಎಂದು ಅಜ್ಜಿ ಡಬ್ಬಿಯನ್ನು ನನ್ನ ಕೈಗಿಡುತ್ತಿದ್ದಳು. ಎಂಬತ್ತರ ದಶಕದ ಮಾತು.

ಆ ಪುಡಿಗಳನ್ನು ಈಗ ಹೊಗಳುವವರು ಬಹಳ. ನನ್ನಿಂದ ಆಗುವುದಿಲ್ಲ. ಸೀಗೆಪುಡಿ ಕಣ್ಣಿಗೆ ಬಿದ್ದರೆ ಅರ್ಧ ದಿನ ಕಣ್ಣು ಕೆಂಪಗಿರುತ್ತಿತ್ತು. ಬೀಸುಕಲ್ಲಿನ ಹಿಟ್ಟಿನ ತರಿ ಮುಖ ಗೀರುತ್ತಿತ್ತು. ಕುಟ್ಟುವುದು, ಬೀಸುವುದು, ಜರಡಿ ಹಿಡಿಯುವುದು ಎಲ್ಲ ಹೆಂಗಸರ ಪಾಲು, ಅದೂ ಶೇಂಗಾ ಹೊಲದಲ್ಲಿ ಕಳೆ ಕಿತ್ತು ಬಂದ ಮೇಲೆ. ಅಂಗಡಿಯಲ್ಲಿ ಒಂದು ರೂಪಾಯಿಯ ಶಾಂಪೂ ಪಾಕೀಟುಗಳು ಮಾಲೆಯಂತೆ ತೂಗಾಡತೊಡಗಿದ ವರ್ಷ ಅವ್ವ ಸೀಗೆಕಾಯಿ ಕುಟ್ಟುವುದನ್ನು ನಿಲ್ಲಿಸಿದಳು. ನಿಲ್ಲಿಸಿದ್ದು ಸರಿ ಎಂದೇ ಇವತ್ತಿಗೂ ನನಗನ್ನಿಸುತ್ತದೆ.

ಬಚ್ಚಲ ನೀರು ಹಿತ್ತಲಿಗೆ ಹೋಗುತ್ತಿತ್ತು. ಅಲ್ಲೊಂದು ಪಪ್ಪಾಯಿ, ಒಂದು ಕರಿಬೇವು. ನಮ್ಮೂರ ಹೆಸರಿನಲ್ಲಿ ಸಮುದ್ರವಿದೆ. ಈ ನಾಡಿನ ಊರಹೆಸರುಗಳಲ್ಲಿ ಸಮುದ್ರವೆಂದರೆ ಕೆರೆ. ಪ್ರಸಾಧನಗಳಲ್ಲಿ ಬೆರೆಸುವ ಪ್ಲಾಸ್ಟಿಕ್ ಕಣಗಳ ವಿಷಯ ಬಂದಾಗಲೆಲ್ಲ ಅವು ಹೊಳೆ ಸೇರಿ ಕಡಲಿಗೆ ಹೋಗುತ್ತವೆ, ಮೀನಿನ ಹೊಟ್ಟೆ ಸೇರುತ್ತವೆ ಎನ್ನುತ್ತಾರೆ. ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯ ಬಚ್ಚಲ ನೀರಿಗೆ ಅಷ್ಟು ದೂರದ ಪ್ರಯಾಣವಿಲ್ಲ. ಹಿತ್ತಲಿನಲ್ಲಿ ಇಂಗುತ್ತದೆ, ಇಲ್ಲವೇ ಬೀದಿಯ ಕೊನೆಯಲ್ಲಿ ನಿಂತು ಆರುತ್ತದೆ. ಅದರಲ್ಲಿ ಏನಿರುತ್ತದೋ ಅದು ಇಲ್ಲೇ ಉಳಿಯುತ್ತದೆ. ಸೀಗೆ, ಹೆಸರುಹಿಟ್ಟು ಉಳಿಯಲಿಲ್ಲ. ಮಣ್ಣು ತಿಂದು ಮುಗಿಸಿತು.

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹಿಂದೆಯೂ ಇಂಥದೇ ನೀರಿದೆ. ಬಣ್ಣ ಹಾಕುವ ಮೊದಲು ನೂಲನ್ನು ಸೋಪು, ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅಂಟು ತೆಗೆಯುತ್ತಾರೆ. ಕಚ್ಚಾ ರೇಷ್ಮೆಯ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಈ ಅಂಟೇ. ಸೆರಿಸಿನ್ ಎಂಬ ಪ್ರೋಟೀನು. ಕುದಿಸಿದ ನೀರು ಎರಡು ದಿನ ನಿಂತರೆ ಮೂಗು ಮುಚ್ಚಿಕೊಳ್ಳಬೇಕು. ಆಗ ಅದು ನನಗೆ ಬರೀ ಗಬ್ಬು. ಈಗ ನನ್ನ ಕಸುಬಿನಲ್ಲಿ ಗಬ್ಬು ಎಂದರೆ ಒಳ್ಳೆಯ ಸುದ್ದಿ: ಯಾವುದೋ ಜೀವಿ ಅದನ್ನು ತಿನ್ನುತ್ತಿದೆ. ಇದೇ ಸೆರಿಸಿನ್ ತೇವ ಹಿಡಿದಿಡುತ್ತದೆಂದು ಕ್ರೀಮುಗಳಿಗೆ ಬೀಳುತ್ತದೆ, ಅಂಟು ಕಳೆದ ರೇಷ್ಮೆಯ ಪುಡಿ ಮುಖದ ಪೌಡರಿಗೂ ಹೋಗುತ್ತದೆ.

ನನ್ನ ಕೆಲಸ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ. ಫೌಂಡೇಶನ್, ಸನ್‌ಸ್ಕ್ರೀನ್, ಕಾಂಪ್ಯಾಕ್ಟ್ ಪೌಡರ್‌ಗಳಲ್ಲಿ ಸಿಲಿಕೋನ್ ಕಣಗಳಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಚ್ಚುಕಟ್ಟಾದ ಗುಂಡುಗಳು, ಹಲವು ಬರೀ 2ರಿಂದ 10 ಮೈಕ್ರಾನ್. ಬೇರಿಂಗಿನ ಗುಂಡುಗಳಂತೆ ಚರ್ಮದ ಮೇಲೆ ಉರುಳುತ್ತವೆ, ಬೆಳಕನ್ನು ಚದುರಿಸಿ ನೆರಿಗೆ ಮರೆಮಾಡುತ್ತವೆ, ನೀರು ಕುಡಿಯುವುದಿಲ್ಲ, ಕೆಡುವುದಿಲ್ಲ. ಮೊದಲ ಸಲ ಬೆರಳ ನಡುವೆ ಉಜ್ಜಿದಾಗ ಅಜ್ಜಿಯ ಹಿಟ್ಟು ನೆನಪಾಗಿ, ಇದು ಅಂದೇ ಇರಬೇಕಿತ್ತು ಅನ್ನಿಸಿತು. ಅಷ್ಟು ಒಳ್ಳೆಯ ಪುಡಿ. ತೊಂದರೆ ಇರುವುದು ಆ ಕೆಡದ ಗುಣದಲ್ಲೇ. ದ್ರವರೂಪದ ಸಿಲಿಕೋನ್ ಒಣಮಣ್ಣಿನ ಜೇಡಿಗೆ ತಾಗಿ ನಿಧಾನವಾಗಿ ಒಡೆಯುವುದುಂಟು. ಗಟ್ಟಿಯಾಗಿ ಹೆಣೆದುಕೊಂಡ ಈ ಗುಂಡುಗಳು ಹಾಗೆ ಸುಲಭಕ್ಕೆ ಬಗ್ಗುವುದಿಲ್ಲ, ಸೂಕ್ಷ್ಮಜೀವಿಗಳಿಗೆ ಇವು ತುತ್ತೇ ಅಲ್ಲ.

2023ರ ಅಕ್ಟೋಬರ್ 17ರಿಂದ ಐರೋಪ್ಯ ಒಕ್ಕೂಟದ ಹೊಸ ನಿಯಮ ಜಾರಿಗೆ ಬಂತು. ಬೇಕೆಂದೇ ಬೆರೆಸುವ ಕೃತಕ ಪಾಲಿಮರ್ ಕಣಗಳನ್ನು ಹಂತಹಂತವಾಗಿ ಬಿಡಬೇಕು. ತೊಳೆದುಹೋಗುವ ಪ್ರಸಾಧನಗಳಿಗೆ 2027, ಹಚ್ಚಿಕೊಂಡು ಬಿಡುವಂಥವಕ್ಕೆ 2029, ತುಟಿ, ಉಗುರು, ಮೇಕಪ್ ಸಾಮಾನಿಗೆ 2035ರ ಗಡುವು. ಸಿಲಿಕೋನಿನಲ್ಲಿ ಇಂಗಾಲವೂ ಇರುವುದರಿಂದ ಅದೂ ಈ ಲೆಕ್ಕಕ್ಕೆ ಬಂತು. ಹಾಗಾಗಿ ಇಷ್ಟು ವರ್ಷಗಳ ಮೇಲೆ ನಾನು ಮತ್ತೆ ಹುಳ ಬೀಳುವ ಪುಡಿಯ ಹಿಂದೆ ಬಿದ್ದಿದ್ದೇನೆ.

ಕಷ್ಟ ಎಲ್ಲಿ ಎಂದರೆ, ಅದು ಡಬ್ಬಿಯಲ್ಲಿ ಮೂರು ವರ್ಷ ಕೆಡಬಾರದು, ಚರಂಡಿಯಲ್ಲಿ ತಿಂಗಳೊಳಗೆ ಕೆಡಬೇಕು. ಅಕ್ಕಿಯ ಪಿಷ್ಟದ ಕಣ ಸಣ್ಣದೇ, ಆದರೆ ಬೆವರಿಗೆ ಮೆತ್ತಗಾಗಿ ಹತ್ತಿಕೊಳ್ಳುತ್ತದೆ. ಸೆಲ್ಯುಲೋಸ್ ಕರಗಿಸಿ ಹನಿಹನಿಯಾಗಿ ಗಟ್ಟಿ ಮಾಡಿದರೆ ದುಂಡನೆಯ ಗುಂಡು ಸಿಗುತ್ತದೆ. ನೀರೆಳೆದುಕೊಳ್ಳುವ ಚಟ ಅದಕ್ಕೂ ಇದೆ. ಆ ಚಟ ಬಿಡಿಸಲು ಅಸಿಟೇಟ್ ಸೇರಿಸುತ್ತ ಹೋದರೆ ಒಂದು ಹಂತದ ಮೇಲೆ ಸೂಕ್ಷ್ಮಜೀವಿಗಳೂ ಅದನ್ನು ಬಿಟ್ಟುಬಿಡುತ್ತವೆ. ಕೊನೆಗೆ ಮೇಣದ ತೆಳು ಲೇಪಕ್ಕೆ ಬಂದು ನಿಂತಿದ್ದೇವೆ. ನಮ್ಮ ಕಡೆಯ ಶೇಂಗಾ ಹೊಟ್ಟಿನಲ್ಲೂ ಸೆಲ್ಯುಲೋಸ್ ಇದೆ. ಆದರೆ ಜೊತೆಗೆ ಸೇರಿಕೊಂಡ ಲಿಗ್ನಿನ್ ಅನ್ನು ಬೇರ್ಪಡಿಸಿ ಬೆಳ್ಳಗೆ ಮಾಡಲು ಹಾಕಬೇಕಾದ ರಾಸಾಯನಿಕ ನೋಡಿದರೆ ಮನಸ್ಸು ಹಿಂದೇಟು ಹಾಕುತ್ತದೆ. ಊರಿನ ಮೇಲಿನ ಆಸೆಗೆ ಅದನ್ನು ದಾರಿಯೆಂದು ಹೇಳಲಾರೆ.

ಪರೀಕ್ಷೆ ನಡೆಯುವುದು ಬಾಟಲಿಯಲ್ಲಿ. ನಗರದ ಕೊಳಚೆ ಶುದ್ಧೀಕರಿಸುವಲ್ಲಿಂದ ತಂದ ರಾಡಿಗೆ ನಮ್ಮ ಪುಡಿಯನ್ನು ಬಿಟ್ಟು ಕತ್ತಲಲ್ಲಿ 28 ದಿನ ಇಡುತ್ತೇವೆ. ಒಳಗಿನ ಜೀವಿಗಳು ತಿಂದರೆ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದು ಪಕ್ಕದ ಬಾಟಲಿಯ ಬೇರಿಯಂ ನೀರಿಗೆ ಹಾಯ್ದು ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಶಾಲೆಯಲ್ಲಿ ಸುಣ್ಣದ ತಿಳಿಗೆ ಕೊಳವೆಯಿಂದ ಉಸಿರು ಊದಿದ್ದೆವಲ್ಲ, ಅದೇ. ಪುಡಿಯಲ್ಲಿರುವ ಇಂಗಾಲದಿಂದ ಬರಬೇಕಾದಷ್ಟರಲ್ಲಿ ನೂರಕ್ಕೆ 60 ಭಾಗ ಬಂದರೆ ಪಾಸು. ಸಿಲಿಕೋನ್ ಗುಂಡುಗಳ ಬಾಟಲಿಯ ಪಕ್ಕದ ನೀರು ಪುಡಿಯಿಲ್ಲದ ಬಾಟಲಿಯದಕ್ಕಿಂತ ಬೆಳ್ಳಗಾಗಲಿಲ್ಲ.

ಹೋದ ಯುಗಾದಿಗೆ ಊರಿಗೆ ಹೋದಾಗ ನಮ್ಮ ಪುಡಿಯ ಒಂದು ಡಬ್ಬಿ ಒಯ್ದಿದ್ದೆ. ಬಚ್ಚಲಿಗೆ ಈಗ ಟೈಲ್ಸ್ ಬಂದಿದೆ, ಗೂಡು ಮುಚ್ಚಿದ್ದಾರೆ. ನೀರು ಮಾತ್ರ ಪೈಪಿನಲ್ಲಿ ಇನ್ನೂ ಹಿತ್ತಲಿಗೇ ಹೋಗುತ್ತದೆ, ಪಪ್ಪಾಯಿ ಬೇರೆಯದು. ಅಣ್ಣನ ಮಗಳು ಮುಂಗೈಗೆ ಒಂದು ಚಿಟಿಕೆ ಹಾಕಿಕೊಂಡು ಉಜ್ಜಿದಳು. ಒಂದು ಸಲ, ಎರಡು ಸಲ ಚೆನ್ನಾಗಿ ಜಾರಿತು. ಮೂರನೆಯ ಸಲಕ್ಕೆ ಕೈ ನಿಲ್ಲಿಸಿದಳು.

"ಅತ್ತೆ, ಆಮೇಲಾಮೇಲೆ ಹಿಟ್ಟು ಇದ್ದಂಗೈತೆ."

ಅವಳು ಅಂದದ್ದನ್ನೇ ದಿನಾಂಕ ಹಾಕಿ ಬರೆದುಕೊಂಡೆ. ಮೇಣದ ಲೇಪ ಎರಡು ಉಜ್ಜಿಗೆ ಮಾತ್ರ ತಡೆಯುತ್ತಿದೆ. ದಪ್ಪ ಮಾಡಿದರೆ 28 ದಿನದ ಲೆಕ್ಕ ತಪ್ಪುತ್ತದೆಯೇ ಎಂದು ಇನ್ನೊಂದು ಸಾಲು ಬಾಟಲಿ ಇಟ್ಟಿದ್ದೇವೆ. ಇವತ್ತಿಗೆ ಹನ್ನೊಂದನೆಯ ದಿನ.