ಪತ್ರಿ ತರುವ ಮಕ್ಕಳು

ಗಣೇಶ ಚೌತಿಯ ಹಿಂದಿನ ದಿನ ಹೈದರಾಬಾದಿನ ಅಮೀರ್‌ಪೇಟ್‌ನ ರಸ್ತೆಬದಿ ಹಸಿರಾಗಿಬಿಡುತ್ತಿತ್ತು. ವಿಕಾರಾಬಾದ್, ಚೇವೆಳ್ಳ ಕಡೆಯ ಹೆಂಗಸರು ನಸುಕಿನಲ್ಲೇ ಬಂದು ಗೋಣಿಚೀಲ ಬಿಚ್ಚಿ ಹರವುತ್ತಿದ್ದರು. ಗರಿಕೆ, ಎಕ್ಕೆ, ಉತ್ತರಾಣಿ, ಲಕ್ಕಿ, ಬಾರಿ, ಮಾಚಿಪತ್ರೆ, ಬನ್ನಿ. ಪಕ್ಕದಲ್ಲೇ ಬೇಲದ ಕಾಯಿ, ಬಲಿಯದ ಸೀತಾಫಲ, ಗೋವಿನಜೋಳದ ತೆನೆ. ಈ ಕಾಯಿಗಳನ್ನು ನಮ್ಮ ತೆಲುಗು ನೆರೆಯವರು ಗಣಪನ ತಲೆಯ ಮೇಲೆ ತೂಗುಹಾಕುವ ಪಾಲವೆಲ್ಲಿಗೆ, ಅಂದರೆ ಒಂದು ಮರದ ಚೌಕಟ್ಟಿಗೆ, ಕಟ್ಟುತ್ತಾರೆ. ಕಟ್ಟುವುದು ಮಕ್ಕಳ ಕೆಲಸ. ಕೆಳಗೆ ನಿಂತ ಹುಡುಗ ದಾರ ಕೊಡಬೇಕು, ಸ್ಟೂಲಿನ ಮೇಲೆ ನಿಂತ ಹುಡುಗಿ ಗಂಟು ಹಾಕಬೇಕು.

ನಾವು ಎಂಬತ್ತರ ದಶಕದಲ್ಲಿ ಗುಲ್ಬರ್ಗದಿಂದ ಇಲ್ಲಿಗೆ ಬಂದೆವು. ನಮ್ಮವರಿಗೆ ಸನತ್‌ನಗರದ ಕಾರ್ಖಾನೆಯಲ್ಲಿ ನೌಕರಿ. 1956ರವರೆಗೆ ಗುಲ್ಬರ್ಗ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ನಮ್ಮ ಕಡೆಯವರಿಗೆ ಈ ಊರು ಪರಊರಲ್ಲ. ಆದರೆ ಕನ್ನಡದವರ ಬೀಡು ಕಾಚಿಗುಡ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಎಲ್ಲ ಆ ಕಡೆಗೇ. ನಮ್ಮ ಓಣಿಯಲ್ಲಿ ಕನ್ನಡದ ಮನೆ ನಮ್ಮದೊಂದೇ.

ಇಪ್ಪತ್ತೊಂದು ಬಗೆಯ ಪತ್ರಿಯನ್ನು ಮಕ್ಕಳೇ ತರಬೇಕು ಎಂಬುದು ನಮ್ಮ ಅತ್ತೆಯವರ ಕಟ್ಟಳೆ. ಆಗಿನ ಅಮೀರ್‌ಪೇಟ್‌ನಲ್ಲಿ ಕಾಂಪೌಂಡಿನ ಮನೆಗಳು, ಮನೆಗೊಂದೆರಡು ಗಿಡ. ಮಗ, ಮಗಳು ಚೀಟಿ ಹಿಡಿದು ಹೊರಟರೆ ಒಂದು ಮನೆಯಲ್ಲಿ ದಾಳಿಂಬೆ, ಇನ್ನೊಂದರಲ್ಲಿ ಕಣಗಿಲೆ, ಖಾಲಿ ಸೈಟಿನಲ್ಲಿ ಉತ್ತರಾಣಿ, ಉಮ್ಮತ್ತಿ. ಉಮ್ಮತ್ತಿ ಮುಟ್ಟಿದ ಕೈ ಬಾಯಿಗೆ ಹೋಗಬಾರದು, ಬಂದ ಕೂಡಲೇ ತೊಳೆಯಬೇಕು. ಸಿಗದೆ ಉಳಿದದ್ದಕ್ಕೆ ಸಂಜೆ ರಸ್ತೆಬದಿಯ ಸಂತೆ. ಅಲ್ಲಿಯ ಅಜ್ಜಿಯರು ಪತ್ರಿಯನ್ನು ಸುಮ್ಮನೆ ಚೀಲಕ್ಕೆ ತುರುಕುತ್ತಿರಲಿಲ್ಲ. ಲಕ್ಕಿ ಎಲೆಯನ್ನು ಅಂಗೈಯಲ್ಲಿ ಉಜ್ಜಿ ಮಗಳ ಮೂಗಿಗೆ ಹಿಡಿದು, ಇದು ನೆಗಡಿಗೆ ಮದ್ದು ಎಂದು ಹೇಳಿಕೊಡುತ್ತಿದ್ದರು. ಗಿಡಮೂಲಿಕೆಯ ಪಾಠ ನನ್ನ ಮಕ್ಕಳಿಗೆ ಆದದ್ದು ಅಲ್ಲೇ.

ಮಣ್ಣಿನ ಕೆಲಸವಂತೂ ಜ್ಯೇಷ್ಠದಿಂದಲೇ ಶುರು. ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಜೋಡೆತ್ತು ಮಾಡಿ ಜೋಳದ ಕಾಳಿನ ಕಣ್ಣಿಡುತ್ತಾರೆ. ಆಷಾಢದಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದಕ್ಕೆ ಗಣಪ, ಅವನ ಹಿಂದೆಯೇ ಜೋಕುಮಾರ. ಎತ್ತು ಮಾಡಿದ ಕೈಗೆ ಗಣಪನ ಹೊತ್ತಿಗೆ ಮಣ್ಣಿನ ಹದ ತಿಳಿದಿರುತ್ತದೆ. ಇಂಥ ಕ್ರಮವನ್ನು ಯಾರು ಕಟ್ಟಿದರೋ, ಮಕ್ಕಳನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಎರೆಮಣ್ಣು ಊರಿಂದ ಬರುತ್ತಿತ್ತು. ವಾಡಿ, ತಾಂಡೂರು ದಾಟಿ ಬರುವ ರೈಲು ಬೇಗಂಪೇಟ್‌ನಲ್ಲಿ ನಿಂತರೆ ಮನೆ ಹತ್ತಿರವೇ. ಮೈದುನರು ಒಂದು ಚೀಲ ಹೊತ್ತು ತರುತ್ತಿದ್ದರು. ಜರಡಿ ಹಿಡಿದು, ರಾತ್ರಿಯಿಡೀ ನೆನೆಸಿ, ಹಿಂಜಿದ ಹತ್ತಿ ಸೇರಿಸಿ ನಾದಬೇಕು. ಹತ್ತಿ ಇಲ್ಲದಿದ್ದರೆ ಎರೆಮಣ್ಣು ಒಣಗುವಾಗ ಬಿರಿಯುತ್ತದೆ. ಮಗ ಸೊಂಡಿಲು ಮಾಡಿ ಹಚ್ಚಿದರೆ ಅದು ಜೋತು ಬೀಳುವುದು. “ಒಳಗ ಕಸಬರಿಗಿ ಕಡ್ಡಿ ಇಡೋ, ನಿಂದ್ರತೈತಿ” ಎಂದು ಅತ್ತೆಯವರು ಕೂತಲ್ಲಿಂದಲೇ ಹೇಳುತ್ತಿದ್ದರು, ಕೈ ಮಾತ್ರ ಹಾಕುತ್ತಿರಲಿಲ್ಲ. ಹೊಟ್ಟೆ ಸೊಟ್ಟ, ಕಿವಿ ಒಂದು ದೊಡ್ಡದು ಒಂದು ಸಣ್ಣದು. ಅದಕ್ಕೇ ಪೂಜೆ, ಅದಕ್ಕೇ ಮಂಗಳಾರತಿ. ನನಗೆ ಇದು ಬಹಳ ದೊಡ್ಡ ಮಾತು. ಮಕ್ಕಳು ಮಾಡಿದ್ದನ್ನು ಮೂಲೆಗಿಟ್ಟು ಅಂಗಡಿಯ ಮೂರ್ತಿಯನ್ನು ಮಂಟಪದಲ್ಲಿ ಕೂಡಿಸಿದರೆ ಮರುವರ್ಷ ಅವರ ಕೈ ಮಣ್ಣಿಗೆ ಇಳಿಯುವುದಿಲ್ಲ.

ತೊಂಬತ್ತರ ದಶಕದ ಕೊನೆಗೆ ಮೈತ್ರಿವನದ ಸುತ್ತ ಕಂಪ್ಯೂಟರ್ ಕೋಚಿಂಗ್ ಕೇಂದ್ರಗಳು ಎದ್ದವು. ಜಾವಾ, ಒರಾಕಲ್ ಬೋರ್ಡುಗಳು ಗೋಡೆ ಮುಚ್ಚಿದವು. ಕಾಂಪೌಂಡಿನ ಮನೆಗಳು ಒಂದೊಂದಾಗಿ ಹಾಸ್ಟೆಲ್ಲುಗಳಾದವು. ದಾಳಿಂಬೆ ಹೋಯಿತು, ಕಣಗಿಲೆ ಹೋಯಿತು. ಸಂತೆಯ ಪತ್ರಿಯೂ ಎಲ್ಲ ಕಲಸಿದ ಕಟ್ಟಾಗಿ, ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಬಂತು. ಅದರಲ್ಲಿ ಎಷ್ಟೋ ಸಲ ಬೇಲಿಯ ಸೊಪ್ಪೇ ಹೆಚ್ಚು. ಬಣ್ಣದ ಪ್ಲಾಸ್ಟರ್ ಗಣಪಗಳು ಸಾಲುಸಾಲಾಗಿ ನಿಂತವು. 2017ರ ನವೆಂಬರಿನಲ್ಲಿ ಮೆಟ್ರೊ ಓಡಲು ಶುರುವಾದ ಮೇಲೆ ರಸ್ತೆಗೆ ನೆರಳೇನೋ ಬಂತು, ಅಜ್ಜಿಯರಿಗೆ ಕೂರಲು ಜಾಗ ಕಡಿಮೆಯಾಯಿತು. ಈಗ ಪೂಜಾಸಾಮಗ್ರಿಯ ಡಬ್ಬಿ ಫೋನಿನಲ್ಲಿ ಆರ್ಡರ್ ಮಾಡಿದರೆ ಬಾಗಿಲಿಗೇ ಬರುತ್ತದೆ. ಮಕ್ಕಳಿಗೆ ಉಳಿದದ್ದು ಹೊಸ ಬಟ್ಟೆ ತೊಟ್ಟು ಫೋಟೊಕ್ಕೆ ನಿಲ್ಲುವುದು. ಇದು ನನಗೆ ಸರಿಬರುವುದಿಲ್ಲ. ತಾನು ತರದಿದ್ದರೆ ಪೂಜೆ ನಿಲ್ಲುತ್ತದೆ ಎಂಬಂಥ ಕೆಲಸ ಮಗುವಿಗೆ ಒಂದಾದರೂ ಇರಬೇಕು.

ಮಣ್ಣು ಮಾತ್ರ ತಿರುಗಿ ಬರುತ್ತಿದೆ. ಹುಸೇನ್ ಸಾಗರದಲ್ಲಿ ಪ್ಲಾಸ್ಟರ್ ಮೂರ್ತಿಗಳನ್ನು ಮುಳುಗಿಸಬಾರದೆಂದು 2021ರಲ್ಲಿ ಹೈಕೋರ್ಟ್ ಹೇಳಿತು. ಆ ವರ್ಷದ ಮಟ್ಟಿಗೆ ಸುಪ್ರೀಂ ಕೋರ್ಟ್ ವಿನಾಯಿತಿ ಕೊಟ್ಟಿತು. ಮರುವರ್ಷ ಖೈರತಾಬಾದಿನ 50 ಅಡಿಯ ಗಣಪನೇ ಮಣ್ಣಿನವನಾದ. 1954ರಲ್ಲಿ ಅಲ್ಲಿ ಮೊದಲು ಕೂಡಿಸಿದ್ದು ಒಂದೇ ಅಡಿಯ ಮೂರ್ತಿ. ಮಹಾನಗರ ಅಭಿವೃದ್ಧಿ ಪ್ರಾಧಿಕಾರವಾದ ಎಚ್‌ಎಂಡಿಎಯವರೂ ಪುಟ್ಟ ಮಣ್ಣಿನ ಗಣಪಗಳನ್ನು ಉಚಿತವಾಗಿ ಹಂಚುತ್ತಾರೆ. ನಮ್ಮ ಓಣಿಯ ಹಾಸ್ಟೆಲ್ ಹುಡುಗರು ಅಂಥದೊಂದನ್ನು ತಂದು ಕಿಟಕಿಯಲ್ಲಿಟ್ಟು, ತೆಲುಗರ ರೂಢಿಯಂತೆ ಮುಂದೆ ಪುಸ್ತಕ ಜೋಡಿಸುತ್ತಾರೆ. ಅವರು ಜೋಡಿಸುವುದು ಕೋಚಿಂಗಿನ ನೋಟ್ಸು.

ಮೊಮ್ಮಕ್ಕಳು ಕೂಕಟ್‌ಪಲ್ಲಿಯಿಂದ ಮೆಟ್ರೊದಲ್ಲಿ ಎರಡು ದಿನ ಮೊದಲೇ ಬರುತ್ತಾರೆ. ಗರಿಕೆ, ತುಳಸಿ, ದಾಳಿಂಬೆಯನ್ನು ಅವರು ತಮ್ಮ ಅಪಾರ್ಟ್‌ಮೆಂಟಿನ ಕುಂಡಗಳಲ್ಲಿ ಬೆಳೆಸಿ ತರಬೇಕೆಂದು ನಾನೇ ಹಚ್ಚಿದ್ದೇನೆ; ಉಳಿದದ್ದಕ್ಕೆ ನನ್ನ ಜೊತೆ ಎರ್ರಗಡ್ಡದ ರೈತು ಬಜಾರಿಗೆ. ಹೂರಣ ಅರೆಯುವುದು ಮೊಮ್ಮಗಳ ಪಾಲು, ಕಡುಬಿನ ಅಂಚು ಒತ್ತುವುದು ಮೊಮ್ಮಗನದು. ಅವನು ಒತ್ತಿದ ಕಡುಬು ಎಣ್ಣೆಯಲ್ಲಿ ಬಾಯಿ ಬಿಡುವುದಿಲ್ಲ. ಹೋದ ವರ್ಷ ಹಾಸ್ಟೆಲ್ಲಿಗೆ ಕೊಟ್ಟದ್ದೆಲ್ಲ ಅವನು ಒತ್ತಿದ್ದೇ.