ಮೊದಲ ಹಗ್ಗ ಕಟ್ಟುವವರು...

ನಮ್ಮ ಕಡೆ ಬೆಟ್ಟ ಅಂದ್ರೆ ಬರೀ ಬಂಡೆ. ಯಾದಗಿರಿಯ ಕೋಟೆ ಬೆಟ್ಟ, ಶಹಾಪುರದಲ್ಲಿ ಮಲಗಿದ ಬುದ್ಧನ ಹಾಗೆ ಕಾಣೋ ಗುಡ್ಡದ ಸಾಲು, ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ... ಇವನ್ನೆಲ್ಲ ಹತ್ತೋಕೆ ಒಂದು ಜೊತೆ ಚಪ್ಪಲಿ, ಒಂದು ಬಾಟಲಿ ನೀರು ಸಾಕು. ಹಿಮವನ್ನ ಫ್ರಿಜ್ಜಿನಲ್ಲಿ ಮಾತ್ರ ನೋಡಿದ ಜನ ನಾವು :)

ಅಂಥದ್ರಲ್ಲಿ ನನ್ನ ಆಫೀಸಿನ ಗೆಳೆಯನಿಗೆ ಎವರೆಸ್ಟ್ ಹುಚ್ಚು ಹಿಡಿದಿದೆ. "ನೀನೂ ಬಾರೋ, ಬ್ಯಾಂಕ್ ಸಾಲ ಕೊಡುತ್ತೆ" ಅಂತ ನನ್ನನ್ನೂ ಎಳೀತಿದ್ದಾನೆ. ಅವನು ಕಳಿಸಿದ ಪ್ಯಾಕೇಜಿನ ವಿವರ ಓದಿದೆ. ನೇಪಾಳ ಸರ್ಕಾರದ ಪರವಾನಗಿಗೇ ಒಬ್ಬರಿಗೆ 15,000 ಡಾಲರ್. 2025ರ ಸೆಪ್ಟೆಂಬರಿಗೆ ಮುಂಚೆ ಅದು 11,000 ಇತ್ತು. ಆಮೇಲೆ ಕಂಪನಿಯ ಖರ್ಚು ಬೇರೆ.

ಆ ದುಡ್ಡಿಗೆ ಏನು ಸಿಗುತ್ತೆ? ಬೇಸ್ ಕ್ಯಾಂಪಿನ ಮೇಲೆ ಖುಂಬು ಐಸ್‌ಫಾಲ್ ಅಂತ, ಯಾವಾಗ ಬೇಕಾದ್ರೂ ಕುಸಿಯೋ ಹಿಮಗಡ್ಡೆಗಳ ರಾಶಿ ಇದೆ. ಪ್ರತಿ ವರ್ಷ 'ಐಸ್‌ಫಾಲ್ ಡಾಕ್ಟರ್' ಅಂತ ಕರೆಸಿಕೊಳ್ಳೋ ಶೆರ್ಪಾಗಳು ಅದರ ಮೇಲೆ ಏಣಿ, ಹಗ್ಗ ಹಾಕಿ ದಾರಿ ಮಾಡ್ತಾರೆ. ಅಲ್ಲಿಂದ ತುದಿವರೆಗೆ ಇನ್ನೊಂದು ತಂಡ ಹಗ್ಗ ಕಟ್ಟುತ್ತೆ. ಟೆಂಟು, ಊಟ, ಆಕ್ಸಿಜನ್ ಸಿಲಿಂಡರು ಹೊತ್ತು ಮೇಲಿಡೋರೂ ಶೆರ್ಪಾಗಳೇ. ಗಿರಾಕಿ ಆ ಹಗ್ಗಕ್ಕೆ ಜುಮಾರ್ ಸಿಕ್ಕಿಸಿಕೊಂಡು ಹತ್ತಬೇಕು. ಹಂಗಂತ ಸುಲಭ ಏನಲ್ಲ. 8,848 ಮೀಟರ್ ಎತ್ತರದ ಆ ತುದೀಲಿ ಒಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗೋದರ ಮೂರನೇ ಒಂದು ಭಾಗ. ದುಡ್ಡು ಕೊಟ್ಟು ಹೋದವರೂ ಸಾಯ್ತಾರೆ.

ಜಾತ್ರೆಗೆ ಊರಿಗೆ ಹೋದಾಗ ಇದನ್ನೆಲ್ಲ ಒಬ್ಬ ಹಳೇ ದೋಸ್ತನಿಗೆ ಹೇಳಿದೆ. ಮೂರನೇ ಕ್ಲಾಸಿನವರೆಗೆ ನನ್ನ ಪಕ್ಕ ಕೂತವನು. ಆಮೇಲೆ ಅಪ್ಪ ಅವ್ವನ ಜೊತೆ ಗುಳೆ ಹೋದ. ಈಗ ಬೆಂಗಳೂರಿನ ದೊಡ್ಡ ದೊಡ್ಡ ಬಿಲ್ಡಿಂಗುಗಳಲ್ಲಿ ಸೆಂಟ್ರಿಂಗ್ ಕೆಲಸ. ಎಲ್ಲಾ ಕೇಳಿ ಒಂದೇ ಪ್ರಶ್ನೆ ಹಾಕಿದ.

"ಎಲ್ಲಾರೂ ಹಗ್ಗ ಹಿಡ್ಕೊಂಡು ಹೋಗ್ತಾರ, ಖರೇ. ಆ ಹಗ್ಗ ಮೊದ್ಲು ಕಟ್ಟಾಂವ ಏನ್ ಹಿಡ್ಕೊಂಡು ಹೋಗ್ತಾನಲೇ?"

ಒಬ್ಬರಿಗೊಬ್ಬರು ಹಗ್ಗ ಬಿಗಿದುಕೊಂಡು ಹೋಗ್ತಾರೆ ಅಂದೆ. ಒಬ್ಬ ಜಾರಿದ್ರೆ ಇನ್ನೊಬ್ಬ ತಡೀಬೇಕು. "ಹಂಗಾದ್ರ ನಮ್ಮಂಗ ಅದ ಬಿಡು" ಅಂದು ಸುಮ್ಮನಾದ.

2014ರ ಏಪ್ರಿಲ್ 18ರ ಬೆಳಿಗ್ಗೆ ಅದೇ ಐಸ್‌ಫಾಲಿನಲ್ಲಿ ಹಿಮ ಕುಸಿದು 16 ಮಂದಿ ಸತ್ತರು. ಹದಿನಾರೂ ಮಂದಿ ನೇಪಾಳಿ ಕೆಲಸಗಾರರು. ಮೂವರ ಹೆಣಾನೂ ಸಿಗಲಿಲ್ಲ. ಸರ್ಕಾರ ಮೊದಲು ಘೋಷಿಸಿದ್ದು ಒಂದೊಂದು ಮನೆಗೆ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಸಿಟ್ಟಿಗೆದ್ದು ಕೆಲಸ ನಿಲ್ಲಿಸಿದ ಮೇಲೆ ಅವರ ವಿಮೆ 10 ಲಕ್ಷದಿಂದ 15 ಲಕ್ಷಕ್ಕೆ ಏರಿತು.

ಹಾಗಾದ್ರೆ ಯಾರೂ ಹೋಗಲೇಬಾರದಾ? ಹಾಗನ್ನೋಕೂ ಬಾಯಿ ಬರ್ತಿಲ್ಲ. ಅದೇ ವರ್ಷ ಮೇ 25ಕ್ಕೆ ಟಿಬೆಟ್ ಕಡೆಯಿಂದ ತುದಿ ಮುಟ್ಟಿದ ತೆಲಂಗಾಣದ ಮಾಲಾವತ್ ಪೂರ್ಣಾಗೆ ಇನ್ನೂ 14 ತುಂಬಿರಲಿಲ್ಲ. ಕೂಲಿ ಮಾಡೋರ ಮಗಳು, ಸರ್ಕಾರಿ ವಸತಿ ಶಾಲೆ ಹುಡುಗಿ. ಹತ್ತೋದು ಕಲಿತಿದ್ದು ಹೈದರಾಬಾದ್ ಹತ್ತಿರದ ಭುವನಗಿರಿ ಬಂಡೆ ಮೇಲೆ. ನಮ್ಮ ಯಾದಗಿರಿ ಥರಾನೇ ಅದೂ ಕೋಟೆ ಇರೋ ಬಂಡೆ. ಶೆರ್ಪಾಗಳಿಗೂ ಅಷ್ಟೇ, ಆ ಎರಡು ತಿಂಗಳ ದುಡಿಮೇಲಿ ವರ್ಷದ ಸಂಸಾರ ನಡೀಬೇಕು. ಹೋಗಬೇಡಿ ಅಂದ್ರೆ ಅವರ ಹೊಟ್ಟೆ ಮೇಲೆ ಹೊಡೆದಂಗೆ. ಗುಳೆ ಹೋಗೋ ನಮ್ಮ ಜನಕ್ಕೆ 'ಊರಲ್ಲೇ ಇರ್ರಿ' ಅಂತ ಬುದ್ಧಿ ಹೇಳಿದ್ರೆ ಏನು ಪ್ರಯೋಜನ?

ನಾನಂತೂ ಸಾಲ ಮಾಡಿ ಹೋಗೋದಿಲ್ಲ. ಗೆಳೆಯನಿಗೆ ಹೇಳಿದ್ದು ಇಷ್ಟೇ. ಅಡ್ವಾನ್ಸ್ ಕಟ್ಟೋ ಮೊದಲು ಕಂಪನಿಯವರನ್ನ ಕೇಳು, ನಿನ್ನ ಶೆರ್ಪಾಗೆ ವಿಮೆ ಎಷ್ಟು, ಅವನಿಗೇನಾದ್ರೂ ಆದ್ರೆ ಮಕ್ಕಳನ್ನ ಯಾರು ನೋಡ್ಕೊಳ್ತಾರೆ ಅಂತ. ತುದಿ ಮುಟ್ಟಿ ಫೋಟೋ ಹಾಕಿದ್ರೆ ಅವನ ಹೆಸರನ್ನೂ ಪೂರ್ತಿ ಬರಿ. ಬರೀ 'ನಮ್ಮ ಶೆರ್ಪಾ' ಅಂತ ಬರೀಬೇಡ.

ಗೆಳೆಯ ಇನ್ನೂ ಉತ್ತರ ಕೊಟ್ಟಿಲ್ಲ. ನೀವೇನಂತೀರಿ?